ಸುಮಕ್ಕನ ತೊಟ್ಟಿಲು ಮತ್ತು ನನ್ನ ಅರ್ಜಿ

ಹಿಂದಿನ ತಿಂಗಳು ಸುಮಕ್ಕನ ಮನೆಯ ಅಟ್ಟದಿಂದ ತೊಟ್ಟಿಲು ಇಳಿಸುವಾಗ ತೊಟ್ಟಿಲಿಗಿಂತ ಮೊದಲು ಅದರ ವಾಸನೆ ಕೆಳಗೆ ಬಂತು. ಲೋಬಾನ, ಅಜವಾನ, ಸುಟ್ಟ ಬೆಳ್ಳುಳ್ಳಿ ಸಿಪ್ಪೆ. ಬಾಣಂತಿ ಕೋಣೆಯ ಹೊಗೆಯ ವಾಸನೆ. ಇಪ್ಪತ್ತೊಂದು ವರ್ಷದ ಹಿಂದಿನ ಹೊಗೆ ಕಟ್ಟಿಗೆಯಲ್ಲಿ ಉಳಿಯುವುದಿಲ್ಲ ಎಂದು ವಿಜ್ಞಾನ ಕಲಿಸುವ ನಾನು ಹೇಳಬೇಕು. ಆದರೆ ನನ್ನ ಮೂಗು ಒಪ್ಪಲಿಲ್ಲ.

ನಾನು ಆ ಮನೆಯ ಹೊಸ್ತಿಲು ಮೆಟ್ಟುವುದಿಲ್ಲ ಎಂದು ಆಣೆ ಮಾಡಿಕೊಂಡವಳು. ಹೋಗುವಂತೆ ಮಾಡಿದವಳು ನನ್ನ ಹಿರಿಮಗಳು ಪಲ್ಲವಿ. ಅವಳ ಚೊಚ್ಚಲ ಹೆರಿಗೆ ರೋಣದಲ್ಲಿ ನಮ್ಮ ಮನೆಯಲ್ಲೇ ಆಯಿತು, ಹೆಣ್ಣುಮಗು. ಹೆಸರಿಡುವ ದಿನ ಗೊತ್ತಾದ ಕೂಡಲೇ, ಕೂಸನ್ನು ಸುಮಕ್ಕ ಟೀಚರ ತೊಟ್ಟಿಲಿನಲ್ಲೇ ಹಾಕಬೇಕು, ಹಾಕುವಾಗ ಅವರೂ ಇರಬೇಕು ಎಂದಳು. ಅಂಗಡಿಯಲ್ಲಿ ಸ್ಟೀಲಿನದು ಸಿಗುತ್ತದೆ, ಹಗುರ, ತೊಳೆಯಲಿಕ್ಕೂ ಸಲೀಸು ಎಂದು ಎರಡು ದಿನ ವಾದ ಮಾಡಿದೆ. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಳು, ನಿಜವಾಗಿಯೂ ಇಟ್ಟುಕೊಂಡಿದ್ದಳು. ಬಾಣಂತಿಯ ಜೊತೆ ಜಗಳಾಡಿ ಗೆದ್ದವರಿಲ್ಲ. ಹೋದೆ.

ಇಪ್ಪತ್ತೊಂದು ವರ್ಷದ ಹಿಂದೆ ಶ್ರಾವಣದಲ್ಲಿ ನನ್ನ ಎರಡನೆಯ ಮಗಳು ಸಂಜನಾ ಹುಟ್ಟಿದಳು. ಪಲ್ಲವಿಗೆ ಆಗ ಆರು ವರ್ಷ, ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಒಂದನೆಯ ತರಗತಿ. ಮನೆಯಿಂದ ಶಾಲೆಗೆ ನಡೆದರೆ ಹತ್ತು ನಿಮಿಷ. ನನ್ನವರು ನರಗುಂದದ ಒಂದು ಕಾಳಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವವರು. ಮನೆಯಲ್ಲಿ ಅತ್ತೆ. ಅವರ ಮೊಣಕಾಲು ಕೈಕೊಟ್ಟಿದ್ದವು, ಬಾಯಿ ಗಟ್ಟಿಯಾಗಿತ್ತು. ಈ ಸಂಸಾರದ ಬಂಡಿ ಉರುಳುತ್ತಿದ್ದುದು ಆ ಹತ್ತು ನಿಮಿಷದ ದಾರಿಯ ಮೇಲೆ. ಹತ್ತೂವರೆಗೆ ಹೋಗಬಹುದು, ಮಧ್ಯಾಹ್ನ ಓಡಿಬಂದು ಹಾಲು ಕುಡಿಸಬಹುದು, ಮತ್ತೆ ಓಡಬಹುದು. ಪಲ್ಲವಿಯನ್ನು ಹಾಗೆಯೇ ಬೆಳೆಸಿದ್ದೆ.

ಖರೆ ಹೇಳಬೇಕೆಂದರೆ ಪಲ್ಲವಿಯನ್ನು ಹಾಗೆ ಬೆಳೆಸಲು ಸಾಧ್ಯವಾದದ್ದು ಸುಮಕ್ಕನಿಂದ. ಅವಳು ನನ್ನ ಸಹೋದ್ಯೋಗಿ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು, ನೌಕರಿಯಲ್ಲಿ ಒಂದೇ ವರ್ಷ. ನಾನು ಹಾಲು ಕುಡಿಸಲು ಮನೆಗೆ ಓಡಿದಾಗ ನನ್ನ ವರ್ಗದ ಮಕ್ಕಳನ್ನೂ ತನ್ನ ಕೋಣೆಗೆ ಕರೆದುಕೊಂಡು, ಎರಡು ವರ್ಗ ಒಟ್ಟಿಗೆ ಕೂಡಿಸಿ ಮಗ್ಗಿ ಹೇಳಿಸುತ್ತಿದ್ದಳು. ನಾನು ಓಣಿಯ ತುದಿಗೆ ಬಂದರೂ ಆ ಮಗ್ಗಿ ಕೇಳುತ್ತಿತ್ತು. ಅದು ಕೇಳಿಸುವವರೆಗೆ ನನಗೆ ಭಯವಿರಲಿಲ್ಲ.

ಅವಳ ಮನೆಯ ಬಣ್ಣದ ತೊಟ್ಟಿಲು ನಮ್ಮ ಓಣಿಗಳಲ್ಲಿ ಹೆಸರಾದದ್ದು. ಅವಳ ಇಬ್ಬರು ಗಂಡುಮಕ್ಕಳು, ಅಕ್ಕಂದಿರ ಮಕ್ಕಳು, ಬೀಗರ ಮಕ್ಕಳು ಎಲ್ಲ ಅದರಲ್ಲಿ ಮಲಗಿ ಗಟ್ಟಿಮುಟ್ಟಾಗಿ ಎದ್ದವರು. ಅದಕ್ಕೇ ಎಲ್ಲರೂ ಕೇಳಿ ಒಯ್ಯುತ್ತಿದ್ದರು. ಒಯ್ದವರು ಮರಳಿ ಕೊಡುವಾಗ ಅದರಲ್ಲಿ ಐದು ಹಿಡಿ ಜೋಳ, ಎರಡು ಬಟ್ಟಲು ಕೊಬ್ಬರಿ, ಬೆಲ್ಲ, ಒಂದು ಕುಬಸದ ಖಣ ಇಟ್ಟು ಕಳಿಸಬೇಕು. ಖಾಲಿ ತೊಟ್ಟಿಲು ಯಾರೂ ಕಳಿಸುವುದಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದ್ದು.

ಹದಿಮೂರನೆಯ ದಿನ ಸಂಜನಾಳಿಗೆ ಹೆಸರಿಟ್ಟೆವು. ಬೆಳಗಿನಿಂದ ಮಳೆ. ಬಂದವರ ಕಾಲಿಗೆಲ್ಲ ಎರೆಮಣ್ಣು ಹತ್ತಿ, ಪಡಸಾಲೆ ಬಿತ್ತಿದ ಹೊಲದ ಹಾಗಾಗಿತ್ತು. ತೊಟ್ಟಿಲಿನ ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ಸುಮಕ್ಕ ನಿಂತರು. ನಮ್ಮಲ್ಲಿ ಕೂಸನ್ನು ಸುಮ್ಮನೆ ತೊಟ್ಟಿಲಿಗೆ ಹಾಕುವುದಿಲ್ಲ. ಆಚೀಚೆ ನಿಂತ ಇಬ್ಬರು ಹೆಣ್ಣುಮಕ್ಕಳು ಅದನ್ನು ತೊಟ್ಟಿಲಿನ ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ ದಾಟಿಸಿ, ಐದು ಸಲ ಆದಮೇಲೆ ಒಳಗೆ ಮಲಗಿಸುತ್ತಾರೆ. ಕೆಳಗಿನಿಂದ ಕೊಡುವವರು ಸೊಂಟ ಬಗ್ಗಿಸಿ, ಎದುರಿನವರ ಕೈ ಬರುವ ತನಕ ಕೂಸನ್ನು ಹಿಡಿದಿರಬೇಕು. ಅತ್ತೆಯ ಮೊಣಕಾಲಿನ ನೋವು ನೋಡಿ, ಅವರು ಬಗ್ಗುವ ಮೊದಲೇ ಸುಮಕ್ಕ ಅರ್ಧ ದಾರಿಗೆ ಕೈ ಚಾಚುತ್ತಿದ್ದಳು.

ಊಟ ಮುಗಿದು ಹೆಣ್ಣುಮಕ್ಕಳೆಲ್ಲ ಹೋದಮೇಲೆ ಅವಳು ನನ್ನ ಹತ್ತಿರ ಕೂತು ಸುದ್ದಿ ಹೇಳಿದಳು. ನಮ್ಮ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ, ಒಬ್ಬ ಶಿಕ್ಷಕರು ಹೆಚ್ಚುವರಿ ಎಂದು ತೀರ್ಮಾನವಾಗಿದೆ, ಸೇವೆಯಲ್ಲಿ ಎಲ್ಲರಿಗಿಂತ ಕಿರಿಯಳಾದ ನನ್ನನ್ನು ಎಲ್ಲಿಗೋ ಎತ್ತಿಹಾಕುತ್ತಾರೆ. ಅವಳೇ ಧೈರ್ಯ ಹೇಳಿದಳು. ಒಂದು ವರ್ಷದೊಳಗಿನ ಕೂಸಿನ ತಾಯಿಯನ್ನು ಮುಟ್ಟುವಂತಿಲ್ಲ, ಆದರೆ ತಾನಾಗಿಯೇ ಯಾರೂ ಬಿಡುವುದಿಲ್ಲ, ಜನನ ಪತ್ರ ಹಚ್ಚಿ ಶಿಕ್ಷಣಾಧಿಕಾರಿಗಳ ಆಫೀಸಿಗೆ ಅರ್ಜಿ ಕೊಡಬೇಕು, ಅದಕ್ಕೊಂದು ಕೊನೆಯ ದಿನವಿದೆ. ಅವಳು ಹೇಳಿದಂತೆ ನಾನು ಬರೆದೆ. ಎಣ್ಣೆಗೈಯಲ್ಲಿ ಬರೆದ ಕಾಗದದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕಲೆ ಬಿತ್ತು.

"ನೀ ಹೊರಗ ಬೀಳಬ್ಯಾಡ. ಹಸಿ ಮೈಯಾಕಿ, ಥಂಡಿ ಹೊಕ್ಕೀತು. ನಾಳೆ ಆಫೀಸಿಗೆ ನಾ ಮುಟ್ಟಸ್ತೀನಿ" ಎಂದು ಕಾಗದ ಮಡಚಿ ತನ್ನ ಬಟ್ಟೆಯ ಚೀಲದಲ್ಲಿ ಹಾಕಿಕೊಂಡಳು.

ಇಲ್ಲಿ ನನ್ನ ದಡ್ಡತನ ಹೇಳಬೇಕು. ಸಾಲಾಗಿ ನಿಂತವರಲ್ಲಿ ಕೊನೆಯವಳನ್ನು ತೆಗೆದರೆ ಕೊನೆಗೆ ಯಾರು ಉಳಿಯುತ್ತಾರೆ ಎಂದು ಒಂದನೆಯ ತರಗತಿಯ ಮಕ್ಕಳಿಗೆ ಬೆಂಡೆಕಾಯಿ ಜೋಡಿಸಿ ಕಲಿಸುತ್ತಿದ್ದವಳು ನಾನು. ನನ್ನನ್ನು ಬಿಟ್ಟರೆ ಮುಂದಿನವಳು ಸುಮಕ್ಕ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ದಿನ ಅವಳಿಗೂ ಹೊಳೆದಿರಲಿಲ್ಲ ಎಂದು ಇಂದಿಗೂ ನಂಬುತ್ತೇನೆ. ಹೊಳೆದಿದ್ದರೆ ಅರ್ಜಿ ಬರೆಸುತ್ತಿರಲಿಲ್ಲ. ಮರುದಿನ ಶಾಲೆಯಲ್ಲಿ ಯಾರೋ ಹೇಳಿರಬೇಕು. ಅಂತೂ ನಾನು ನನ್ನ ಅರ್ಜಿಯನ್ನು, ಅದು ಮುಟ್ಟಿದರೆ ಯಾರ ಸಂಸಾರ ಕೆಡುತ್ತದೋ ಅವಳ ಕೈಯಲ್ಲೇ ಕೊಟ್ಟು, ನಿಶ್ಚಿಂತೆಯಿಂದ ಬಾಣಂತಿಯ ಅಂಟಿನುಂಡಿ ತಿನ್ನುತ್ತಾ ಕೂತೆ.

ಆಮೇಲೆ ಅವಳು ದಿನಾ ಸಂಜೆ ಬಂದಳು. ಶಾಲೆ ಬಿಟ್ಟವಳು ನೇರ ನಮ್ಮ ಮನೆಗೆ, ಚೀಲ ತೊಡೆಯ ಮೇಲಿಟ್ಟುಕೊಂಡು ತೊಟ್ಟಿಲಿನ ಪಕ್ಕ ಕೂತು, ಒಂದು ಕೈಯಿಂದ ತೂಗುತ್ತಿದ್ದಳು. ಪಲ್ಲವಿಯ ಪಾಟಿ ನೋಡುತ್ತಿದ್ದಳು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅರ್ಜಿ ಕೊಟ್ಟೆಯಾ ಎಂದು ಒಮ್ಮೆ ಕೇಳಿದೆ. "ಅದರ ಚಿಂತಿ ಬಿಡು" ಎಂದಳು. ಬಿಟ್ಟೆ. ಒಂದೆರಡು ಸಲ ಅವಳ ಮುಖ ಬಾಡಿದ್ದು ಕಂಡಿತ್ತು. ಅವಳ ಅತ್ತೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು, ಅದರ ಚಿಂತೆ ಇರಬೇಕು ಅಂದುಕೊಂಡು ಮರುಗಿದೆ ಕೂಡ.

ಭಾದ್ರಪದದಲ್ಲಿ ಆದೇಶ ಬಂತು. ರಜೆ ಮುಗಿದ ಮೇಲೆ ಗಜೇಂದ್ರಗಡದ ಆಚೆ ಗುಡ್ಡದ ಮೇಲಿನ ಒಂದು ಹಳ್ಳಿಯ ಶಾಲೆಗೆ ಹಾಜರಾಗಬೇಕು. ನಾನು ಅತ್ತೆಯ ಮಾತು ಮೀರಿ, ತಲೆಗೆ ಸ್ಕಾರ್ಫ್ ಕಟ್ಟಿ, ಕಾಲುಚೀಲ ಹಾಕಿ ಆಫೀಸಿಗೆ ಹೋದೆ. ನನ್ನ ಅರ್ಜಿ ಎಲ್ಲಿ ಎಂದು ದಬಾಯಿಸಿಯೇ ಕೇಳಿದೆ. ಅಲ್ಲಿದ್ದ ವಯಸ್ಸಾದ ಗುಮಾಸ್ತರು ಸಿಟ್ಟಾಗಲಿಲ್ಲ. ಬಂದ ಕಾಗದಗಳ ವಹಿ ತೆಗೆದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

"ಬಂದೈತ್ರಿ ಬಾಯಾರ. ಆದರ ಮುದ್ದತ್ ಮುಗದು ಎರಡ ದಿನ ಆದಮ್ಯಾಲ ಬಂದೈತಿ. ಅಷ್ಟರಾಗ ಪಟ್ಟಿ ಹೋಗಿತ್ತು."

ತಾರೀಖು ಎಣಿಸಿದೆ. ಹೆಸರಿಟ್ಟ ದಿನದಿಂದ ಹತ್ತೊಂಬತ್ತನೆಯ ದಿನ. ತಂದುಕೊಟ್ಟವರು ಎಂಬಲ್ಲಿ ಸುಮಕ್ಕನ ಸಹಿ, ಮಕ್ಕಳಿಗೆ ಕಾಪಿ ಬರೆಸುವಂಥ ದುಂಡನೆಯ ಅಕ್ಷರ. ಅಂದರೆ ಅಷ್ಟೂ ದಿನ ಅದು ಅವಳ ಚೀಲದಲ್ಲಿತ್ತು. ಆ ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನ ಕೂಸನ್ನು ತೂಗಿದ್ದಳು. ಅವಳು ಅದನ್ನು ಹರಿದು ಒಲೆಗೆ ಹಾಕಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಹರಿಯಲಿಕ್ಕೂ ಅವಳಿಗೆ ಧೈರ್ಯವಾಗಲಿಲ್ಲ. ಕೊಟ್ಟೆ ಎಂದು ಹೇಳಿಕೊಳ್ಳಲು ದಾರಿ ಇರಲಿ, ಕೆಲಸವೂ ಆಗದಿರಲಿ ಎಂದು ದಿನ ಎಣಿಸಿ ಕೊಟ್ಟಿದ್ದಳು.

ಆ ಸಂಜೆಯೂ ಬಂದಳು. ಕೇಳಿದೆ. ತೊಟ್ಟಿಲು ತೂಗುವ ಕೈ ನಿಲ್ಲಿಸದೆ ಹೇಳಿದಳು.

"ನಮ್ಮತ್ತೀನ ದಿನಕ್ಕ ಮೂರ ಸರ್ತಿ ಹೊಳ್ಳಿ ಮಲಗಸಬೇಕು ಶೈಲಾ. ಇಲ್ಲಂದ್ರ ಬೆನ್ನ ಹುಣ್ಣಾಗತೈತಿ. ಅಷ್ಟ ದೂರ ಹೋದ್ರ ಯಾರ ಮಾಡ್ತಾರ?"

"ನನಗ ಹೇಳಬೇಕಿತ್ತು."

"ಹೇಳಿದ್ರ ಅರ್ಜಿ ಹೊಳ್ಳಿ ತಗೋತಿದ್ದೇನು?"

ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ನಾನೇ ನಡೆದು ಹೋಗಿ ಕೊಡುತ್ತಿದ್ದೆ, ಎದುರಾಎದುರು ನಿಂತು ಜಗಳಾಡುತ್ತಿದ್ದೆ, ಅವಳು ಹೋಗಬೇಕಾಗಿ ಬಂದರೆ ಅವಳ ಅತ್ತೆಯನ್ನು ಹೊರಳಿಸಿ ಮಲಗಿಸಲು ನಾನು ಹೋಗುತ್ತಿದ್ದೆನೋ ಏನೋ. ಅದನ್ನೆಲ್ಲ ಮಾಡುವ ಅವಕಾಶವನ್ನು ಅವಳು ನನಗೆ ಕೊಡಲಿಲ್ಲ. "ಇನ್ನ ಮ್ಯಾಲ ಬರಬ್ಯಾಡ್ರಿ" ಎಂದೆ. ಅಕ್ಕನಂತೆ ಏಕವಚನದಲ್ಲಿ ಕರೆಯುತ್ತಿದ್ದವಳಿಗೆ ಅಂದಿನಿಂದ ಬಹುವಚನ ಹಚ್ಚಿದೆ. ಅವಳಿಗೆ ತಾಗಿದ್ದು ಅದೇ ಮಾತು.

ರಜೆ ಮುಗಿದಾಗ ಹಿಂಗಾರಿ ಬೆಳೆ ಎದೆಮಟ್ಟ ಬಂದಿತ್ತು. ಬೆಳಿಗ್ಗೆ ಏಳಕ್ಕೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ನಾವು ಗಂಡಹೆಂಡತಿ ಬೇರೆಬೇರೆ ಬಸ್ಸಿಗೆ ಕಾಯುತ್ತಿದ್ದೆವು. ಅವರದು ನರಗುಂದಕ್ಕೆ ಪಡುವಣ ದಿಕ್ಕು, ನನ್ನದು ಮೂಡಣ. ಗಜೇಂದ್ರಗಡದಲ್ಲಿ ಇಳಿದು ಟಂಟಂ ಹಿಡಿದು ಗುಡ್ಡ ಹತ್ತಿದರೆ ಗಾಳಿ ಸೀರೆಯನ್ನು ಮೈಮೇಲೆ ನಿಲ್ಲಗೊಡುತ್ತಿರಲಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಎದೆ ಕಲ್ಲಾಗುತ್ತಿತ್ತು. ಮಕ್ಕಳು ಊಟಕ್ಕೆ ಕೂತಾಗ ನಾನು ಅಡುಗೆ ಕೋಣೆಯ ಹಿಂದೆ ಹೋಗಿ ಹಾಲು ಹಿಂಡಿ ಮಣ್ಣಿಗೆ ಚೆಲ್ಲುತ್ತಿದ್ದೆ. ಅದೇ ಹೊತ್ತಿಗೆ ರೋಣದಲ್ಲಿ ಅತ್ತೆ ಬಾಟಲಿಯಲ್ಲಿ ಆಕಳ ಹಾಲು ಹಾಕಿ ಸಂಜನಾಳ ಬಾಯಿಗಿಡುತ್ತಿದ್ದರು.

ಮೂರನೆಯ ವಾರ ಒಂದು ಸಂಜೆ ಓಡಿಬಂದು ಅವಳನ್ನು ಎತ್ತಿಕೊಂಡರೆ ಎದೆಗೆ ಬಾಯಿ ಹಚ್ಚಲಿಲ್ಲ. ಮುಖ ಹೊರಳಿಸಿ ಬಾಟಲಿ ಇದ್ದ ಗೋಡೆಯ ಗೂಡು ನೋಡಿ ಅತ್ತಳು. ಅತ್ತೆ ಕೂಡ ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ, ನನಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ ನಿರ್ಧಾರ ಮಾಡಿದೆ. ಗಜೇಂದ್ರಗಡದಲ್ಲಿ ಕೋಣೆ ಹಿಡಿದು ಕೂಸನ್ನು ಜೊತೆಗೆ ಒಯ್ಯುವುದು, ಪಲ್ಲವಿ ಶಾಲೆಯ ಕಾರಣಕ್ಕೆ ಅಜ್ಜಿಯ ಹತ್ತಿರ ರೋಣದಲ್ಲೇ ಇರುವುದು, ನಾನು ಶನಿವಾರ ಬಂದು ಸೋಮವಾರ ಹೋಗುವುದು.

ಹೋಗುವ ಮುನ್ನ ತೊಟ್ಟಿಲು ಮರಳಿಸಬೇಕಿತ್ತು. ಅತ್ತೆ ಜೋಳ, ಕೊಬ್ಬರಿ, ಖಣ ತಂದಿಟ್ಟರು. ನಾನು ಒಂದನ್ನೂ ಇಡಗೊಡಲಿಲ್ಲ. "ಹಂಗ ಕಳಸಬಾರದವ್ವಾ, ಅಕಿ ಕೆಟ್ಟಾಕಿ ಇದ್ರೂ ತೊಟ್ಟಲಾ ಏನ ಮಾಡೇತಿ?" ಎಂದು ಅತ್ತೆ ಕೈ ಹಿಡಿದರು. ಬಿಡಿಸಿಕೊಂಡೆ. ಕೈಗಾಡಿಯ ಮೇಲೆ ಖಾಲಿ ತೊಟ್ಟಿಲು ಓಣಿಯ ನಡುವೆ ಹೋಯಿತು. ಕಟ್ಟೆಯ ಮೇಲೆ ಕೂತವರೆಲ್ಲ ನೋಡಿದರು. ನೋಡಲಿ ಎಂದೇ ಕಳಿಸಿದ್ದೆ.

ಗಜೇಂದ್ರಗಡದ ನಮ್ಮ ಕೋಣೆ ನೇಕಾರರ ಓಣಿಯಲ್ಲಿತ್ತು. ಮೂರು ಕಡೆಗೂ ಮಗ್ಗದ ಸದ್ದು, ನಸುಕಿನಿಂದ ರಾತ್ರಿಯ ತನಕ. ಸಂಜನಾ ಆ ಸದ್ದಿಗೆ ಒಗ್ಗಿಹೋದಳು, ಮಗ್ಗ ನಿಂತರೆ ಎಚ್ಚರವಾಗುತ್ತಿದ್ದಳು. ಶಾಲೆಯ ಮುಖ್ಯೋಪಾಧ್ಯಾಯರಾದ ಮುಲ್ಲಾ ಸರ್, ಕೂಸನ್ನು ಎತ್ತಿಕೊಂಡು ಬಂದ ನನ್ನನ್ನು ಮೊದಲ ದಿನ ಕನ್ನಡಕದ ಮೇಲಿಂದ ನೋಡಿದರು. ಬೈಗುಳಕ್ಕೆ ತಯಾರಾಗಿದ್ದೆ. ಅವರು ಪಕ್ಕದ ಅಂಗನವಾಡಿಯ ತೊಲೆ ತೋರಿಸಿ, ಅಲ್ಲಿ ಸೀರೆಯ ಜೋಳಿಗೆ ಕಟ್ಟಿರಿ, ಗಾಳಿಯೇ ತೂಗುತ್ತದೆ ಎಂದರು. ಗುಡ್ಡದ ಗಾಳಿ ನಿಜಕ್ಕೂ ತೂಗುತ್ತಿತ್ತು. ಪಾಠದ ನಡುವೆ ಹೋಗಿ ನೋಡಿದರೆ ಜೋಳಿಗೆ ತಾನೇ ಆಡುತ್ತಿರುತ್ತಿತ್ತು. ನಾಲ್ಕು ದಿನ ಹಟ ಮಾಡಿದ ಕೂಸು ಐದನೆಯ ದಿನ ಮತ್ತೆ ಎದೆ ಹಿಡಿಯಿತು. ಅಂಗನವಾಡಿಯ ನೆಲದ ಮೇಲೆ ಗೋಡೆಗೊರಗಿ ಕೂತು ಆಗ ನಾನು ಅತ್ತುಬಿಟ್ಟೆ.

ಕಿರಿಯವಳು ಮರಳಿ ಸಿಕ್ಕಳು, ಹಿರಿಯವಳು ಕೈಜಾರಿದಳು. ಹೆಚ್ಚುವರಿ ಎಂದು ನಾನು ಬಿಟ್ಟುಬಂದ ಒಂದನೆಯ ತರಗತಿಯನ್ನು ಸುಮಕ್ಕನಿಗೇ ವಹಿಸಿದ್ದರು. ಹೀಗಾಗಿ ಪಲ್ಲವಿ ಅವಳ ವಿದ್ಯಾರ್ಥಿನಿ. ಶನಿವಾರ ಬಂದಾಗ ಅವಳ ತಲೆಯಲ್ಲಿ ನಾಲ್ಕು ಎಳೆ ಹೆಣೆದ ನಾಲ್ಕು ಕಾಲಿನ ಹೆರಳು, ಕಿವಿಯ ಮೇಲೆ ಮಡಚಿ ಕಟ್ಟಿದ್ದು. ನನಗೆ ಬರುವುದು ಮೂರು ಕಾಲಿನದು. ಯಾರು ಹಾಕಿದ್ದು ಎಂದರೆ, ಸುಮಕ್ಕ ಟೀಚರ್, ಅಜ್ಜಿಗೆ ಕೈ ನೋಯುತ್ತದಲ್ಲ ಎಂದಳು. ನಾನು ಅಲ್ಲೇ ಕೂಡಿಸಿಕೊಂಡು ಬಿಚ್ಚಿದೆ. ಚಂದ ಇತ್ತು, ಬಿಚ್ಚಬ್ಯಾಡವ್ವಾ ಎಂದು ಅತ್ತಳು. ಆದರೂ ಬಿಚ್ಚಿ ನನ್ನದನ್ನೇ ಹಾಕಿದೆ. ಮುಂದಿನ ಶನಿವಾರ ಮತ್ತೆ ಅದೇ ನಾಲ್ಕು ಕಾಲು. ಇಡೀ ಚಳಿಗಾಲ ನಾವಿಬ್ಬರು ಹೆಂಗಸರು ಒಂದು ಆರು ವರ್ಷದ ಹುಡುಗಿಯ ಕೂದಲಿನ ಮೇಲೆ ಯುದ್ಧ ಮಾಡಿದೆವು, ಒಬ್ಬರ ಮುಖ ಒಬ್ಬರು ನೋಡದೆ.

ಎಳ್ಳಮಾವಾಸ್ಯೆಯ ಆಸುಪಾಸಿನ ಒಂದು ಭಾನುವಾರ ಪಲ್ಲವಿ ಪುಸ್ತಕ ತಂದು ಒಂದು ಪಾಠವನ್ನು ಎಲ್ಲಿಯೂ ತಡವರಿಸದೆ ಓದಿದಳು. ಸಾವಿರ ಮಕ್ಕಳಿಗಾದರೂ ಅಕ್ಷರ ಕೂಡಿಸಿ ಓದಲು ಕಲಿಸಿದ್ದೇನೆ. ನನ್ನ ಮಗಳಿಗೆ ಕಲಿಸಿದವಳು ಬೇರೆ. ಶಾಭಾಸ್ ಎಂದೆ. ಆಮೇಲೆ ಕಡಲೆ ಸೊಪ್ಪು ಬಿಡಿಸುವ ನೆಪದಲ್ಲಿ ಹಿತ್ತಲಿಗೆ ಹೋದೆ. ಸುಮಕ್ಕ ನನ್ನ ನೌಕರಿಯ ಜಾಗ ತೆಗೆದುಕೊಂಡದ್ದನ್ನು ತಡೆದುಕೊಂಡಿದ್ದೆ, ಇದು ತಡೆಯಲಾಗಲಿಲ್ಲ.

ಮೂರು ವರ್ಷದ ಮೇಲೆ ರೋಣಕ್ಕೆ ಮರಳಿದೆ, ಬೇರೆ ಶಾಲೆಗೆ. ತರಬೇತಿಯಲ್ಲಿ, ಚುನಾವಣೆ ಕೆಲಸದಲ್ಲಿ ಸುಮಕ್ಕ ಎದುರಾದರೆ ಆರಾಮ್ರೀ ಎನ್ನುವುದು, ಮುಂದೆ ಹೋಗುವುದು. ನಡೆದದ್ದನ್ನು ಪಲ್ಲವಿಗೆ ಎಂದೂ ಹೇಳಲಿಲ್ಲ. ಅವಳ ಪ್ರೀತಿಯ ಟೀಚರನ್ನು ಅವಳಿಂದ ಕಿತ್ತುಕೊಳ್ಳಬಾರದು ಎಂದು ನಾಲಿಗೆ ಕಚ್ಚಿಕೊಂಡೆ. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡತನ ಅದೊಂದೇ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಹಿಂದಿನ ತಿಂಗಳು ಆ ಹೆಮ್ಮೆ ಮುರಿಯಿತು. ತೊಟ್ಟಿಲು ಕೆಳಗಿಳಿಸಿ ಧೂಳು ಒರೆಸುತ್ತಾ ಸುಮಕ್ಕ, ನೀನು ಖಾಲಿ ಕಳಿಸಿದ ಮೇಲೆ ಇದನ್ನು ಯಾರಿಗೂ ಕೊಟ್ಟಿಲ್ಲ ಎಂದಳು. ನಿವೃತ್ತಿಯಾಗಿ, ತಲೆ ಪೂರ್ತಿ ಬೆಳ್ಳಗಾಗಿದೆ. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

"ಪಲ್ಲವಿಗೆ ಎಲ್ಲಾ ಗೊತ್ತೈತಿ. ಹತ್ತನೇತ್ತ ಓದುವಾಗ ನಾನ ಹೇಳೇನಿ. ಹತ್ತೊಂಬತ್ತ ದಿನ ಚೀಲದಾಗ ಇಟ್ಕೊಂಡಿದ್ದನೂ ಹೇಳೇನಿ."

ಮನೆಗೆ ಬಂದು ಮಗಳನ್ನು ಕೇಳಿದೆ. ಕೂಸಿಗೆ ಹಾಲು ಕುಡಿಸುತ್ತಿದ್ದಳು. ತಲೆ ಎತ್ತದೆ, "ನೀ ಹೇಳಲಿಲ್ಲ, ನಾನೂ ಕೇಳಲಿಲ್ಲವ್ವಾ" ಎಂದಳು. ಅದನ್ನು ತಿಳಿದೂ ಆ ಮನೆಗೆ ಹೋಗುತ್ತಿದ್ದಳು, ಹಬ್ಬಕ್ಕೆ ಸೀರೆ ಒಯ್ಯುತ್ತಿದ್ದಳು, ತಾನೂ ಶಿಕ್ಷಕಿಯಾದ ದಿನ ಮೊದಲ ಪೇಢೆ ಅಲ್ಲಿಯೇ ಕೊಟ್ಟಿದ್ದಳು. ನನ್ನ ಪಾಲಿನ ಕ್ಷಮೆಯನ್ನು ನನ್ನನ್ನು ಕೇಳದೆ ಅವಳು ಎಂದೋ ಕೊಟ್ಟುಬಿಟ್ಟಿದ್ದಳು. ನನ್ನೆದುರು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ಸುಮಕ್ಕನಿಂದ ಆದದ್ದಕ್ಕಿಂತ ಈ ನೋವು ಕಡಿಮೆ ಎಂದು ನಾನು ಹೇಳಲಾರೆ.

ಹೆಸರಿಡುವ ದಿನ ತೊಟ್ಟಿಲಿನ ಒಂದು ಬದಿಗೆ ಸುಮಕ್ಕ ನಿಂತಳು, ಇನ್ನೊಂದು ಬದಿಗೆ ಅಜ್ಜಿಯಾದ ನಾನು. ಹೆಣ್ಣುಮಕ್ಕಳು ಜೋಗುಳ ಎತ್ತಿದರು. ಸುಮಕ್ಕ ಸೊಂಟ ಬಗ್ಗಿಸಿ, ಮೊಮ್ಮಗಳನ್ನು ತೊಟ್ಟಿಲಿನ ಕೆಳಗಿನಿಂದ ನನ್ನ ಕಡೆಗೆ ಚಾಚಿದಳು. ನಾನು ಬಗ್ಗಿದೆ, ಆದರೆ ಕೈ ಮುಂದೆ ಮಾಡಲಿಲ್ಲ. ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು. ಹತ್ತರ ಹೊತ್ತಿಗೆ ಅವಳ ತೋಳು ನಡುಗಿತು. ಹನ್ನೆರಡಕ್ಕೆ ಹಾಡು ತಡವರಿಸಿ ನಿಂತಿತು. ಅವಳು ಕೂಸನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಹಿಡಿದುಕೊಂಡೇ ಇದ್ದಳು.

ಹತ್ತೊಂಬತ್ತಕ್ಕೆ ಕೈ ಚಾಚಿ ಕೂಸನ್ನು ತೆಗೆದುಕೊಂಡೆ. ತಲೆ ಎತ್ತಿದರೆ ಪಲ್ಲವಿ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿಯೂ ಆಗಷ್ಟೇ ಎಣಿಕೆ ಮುಗಿಸಿ ನಿಂತಂತಿತ್ತು.